ಹಳೆಯ ನೋಟಿನ ಮಡಿಕೆಗಳು

ಬೈಲಹೊಂಗಲದ ಪೇಟೆಯಲ್ಲಿ ಹಳೆಯ ನೋಟುಗಳ ಗುರುತು ಹೇಳಿ, ಕೊಂಡು, ಮಾರುತ್ತಿದ್ದ ನಮ್ಮ ಅಂಗಡಿ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ನನಗೆ ಬಣ್ಣಗಳೆಲ್ಲ ಬೇರೆಯಾಗಿ ಕಾಣತೊಡಗಿದವು. ನೇರಳೆಯೋ ನೀಲಿಯೋ ಎಂದು ಎರಡು ಸಲ ನೋಡಬೇಕಾದವಳು ಈ ಕೆಲಸದಲ್ಲಿ ಇರಬಾರದು ಎಂದು ನಾನೇ ಬಾಗಿಲು ಹಾಕಿದೆ. ಆದರೂ ಆಗಾಗ ಯಾರಾದರೂ ಮನೆ ಹುಡುಕಿಕೊಂಡು ಬರುತ್ತಾರೆ. ಹೆಚ್ಚಿನವರು ಕಾಲೇಜು ಮುಗಿಸಿದವರು. 'ಪ್ರೇಮಕ್ಕಾರ, ಈ ಲೈನಿಗೆ ಬರಬೇಕಂತ ಮಾಡೇವ್ರಿ, ಏನೇನು ಕಲೀಬೇಕು ಹೇಳ್ರಿ' ಎನ್ನುತ್ತಾರೆ. ನಾನು ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಫೋನಿನಲ್ಲಿ ಒಂದು ನೋಟಿನ ಫೋಟೋ ತೆಗೆದಿಟ್ಟುಕೊಂಡು ಕೂತಿರುತ್ತಾರೆ. 'ಇದಕ್ಕ ಎಷ್ಟ ಬರಬಹುದ್ರಿ?'

ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ನೋಟಿಗೆ ಎಷ್ಟು ಬೆಲೆ ಎಂಬುದು ಇದರಲ್ಲಿಲ್ಲ. ಬೆಲೆ ಇಂದು ಇದ್ದದ್ದು ನಾಳೆ ಇರುವುದಿಲ್ಲ. ಕೆಲಸ ಹೇಗಿತ್ತು, ಎಂಥ ಜನ ಬರುತ್ತಿದ್ದರು ಎನ್ನುವುದನ್ನಷ್ಟೇ ಹೇಳುತ್ತೇನೆ.

ನಾನು ಬಂದದ್ದು ಫೋಟೋ ಸ್ಟುಡಿಯೋದಿಂದ. ಕಪ್ಪು ಬಿಳುಪು ಫೋಟೋಗಳ ಕಾಲದಲ್ಲಿ ಸ್ಟುಡಿಯೋಗಳಲ್ಲಿ ನೆಗೆಟಿವ್ ತಿದ್ದುವುದಕ್ಕೇ ಒಬ್ಬರು ಇರುತ್ತಿದ್ದರು. ಮದುಮಗಳ ಮುಖದ ಮೊಡವೆ, ಗೌಡರ ಕಣ್ಣ ಕೆಳಗಿನ ಕಪ್ಪು, ಇವನ್ನೆಲ್ಲ ಭೂತಗನ್ನಡಿಯಡಿ ಚೂಪು ಪೆನ್ಸಿಲ್ಲಿನಿಂದ ತಿದ್ದಬೇಕು. ಆ ಕೆಲಸ ನನ್ನದಾಗಿತ್ತು. ಬಣ್ಣದ ಫಿಲ್ಮ್ ಬಂದು ಅದು ನಿಂತುಹೋಯಿತು. ಅದೇ ಓಣಿಯಲ್ಲಿ ಚನ್ನಬಸಪ್ಪ ಮಾಸ್ತರರ ಅಂಗಡಿಯಿತ್ತು. ಸವದತ್ತಿಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಹಳೆಯ ನೋಟು ಕೂಡಿಡುವ ಹುಚ್ಚು ಅವರಿಗೆ ಮೊದಲಿನಿಂದಲೂ ಇತ್ತು, ಮುಪ್ಪಿನಲ್ಲಿ ಆ ಹುಚ್ಚನ್ನೇ ಅಂಗಡಿ ಮಾಡಿಕೊಂಡಿದ್ದರು. ನಾನು ಕೆಲಸ ಕಳೆದುಕೊಂಡ ಸುದ್ದಿ ಕೇಳಿ ಕರೆಸಿದರು.

'ಕೈ ನಡಗೂದಿಲ್ಲಲಾ?'

'ಇಲ್ರಿ.'

'ಎಣ್ಣಿ ಹಚ್ಚಗೋತಿಯೇನು?'

'ತಲಿಗೆ ಹಚ್ಚಗೋತೇನ್ರಿ.'

'ಮುಂಜಾನೆ ಹಚ್ಚಗೋಬ್ಯಾಡ. ಮನಿಗೆ ಹೋದಮ್ಯಾಲೆ ಹಚ್ಚಗೋ. ನಾಳಿಂದ ಬಾ.'

ನನ್ನ ಸಂದರ್ಶನ ಅಷ್ಟೇ. ಆ ಪ್ರಶ್ನೆಯ ಅರ್ಥ ತಿಳಿದದ್ದು ಆಮೇಲೆ. ಬೆರಳಿನ ಎಣ್ಣೆ ಕಾಗದಕ್ಕೆ ತಾಗಿದರೆ ಆ ಗಳಿಗೆಗೆ ಏನೂ ಕಾಣುವುದಿಲ್ಲ. ವರ್ಷಗಳ ನಂತರ ಅಲ್ಲೊಂದು ಕಂದು ಹೆಬ್ಬೆಟ್ಟು ಎದ್ದು ಬರುತ್ತದೆ.

ಮೊದಲ ಮಳೆಗಾಲ ಪೂರ್ತಿ ಮಾಸ್ತರರು ನನಗೆ ಹಳೆಯ ನೋಟು ಕೊಡಲಿಲ್ಲ. ಕಿರಾಣಿ ಅಂಗಡಿಯಿಂದ ಚಿಲ್ಲರೆಯಾಗಿ ಬಂದ ಸಾದಾ ನೋಟುಗಳನ್ನು ಮುಂದಿಟ್ಟು ಕಣ್ಣು ಮುಚ್ಚಿಕೊಳ್ಳಲು ಹೇಳುತ್ತಿದ್ದರು. ಯಾವುದು ಮುಂಭಾಗ, ಯಾವುದು ಹಿಂಭಾಗ, ಅಚ್ಚು ಎಲ್ಲಿ ಉಬ್ಬಿದೆ, ಎಲ್ಲಿ ಸವೆದಿದೆ ಎಂದು ಬೆರಳಿನಿಂದಲೇ ಹೇಳಬೇಕಿತ್ತು. ಆಮೇಲೆ ಬೆಳಕಿಗೆ ಹಿಡಿದು ಕಾಗದದೊಳಗಿನ ಗುರುತು ನೋಡುವುದು. ಆಮೇಲೆ ಸಹಿ. ಒಂದು ರೂಪಾಯಿಯ ನೋಟಿನ ಮೇಲೆ ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ, ಉಳಿದವುಗಳ ಮೇಲೆ ಗವರ್ನರರದು. ಸಹಿ ಯಾರದೆಂದು ತಿಳಿದರೆ ನೋಟಿನ ಕಾಲ ತಿಳಿಯುತ್ತದೆ. ನಂಬರಿನ ಹಿಂದೆ ಸಣ್ಣಗೆ ಅಚ್ಚಾದ ಒಂದು ಅಕ್ಷರವೂ ಇರುತ್ತದೆ. ಅದೊಂದು ಇದ್ದರೆ, ಇಲ್ಲದಿದ್ದರೆ, ನೋಟಿನ ಜಾತಕವೇ ಬೇರೆ. ಇಷ್ಟನ್ನು ಈಗ ಫೋನಿನಲ್ಲೂ ಓದಬಹುದು. ಬೆರಳಿನ ಪಾಠ ಮಾತ್ರ ಕುಳಿತೇ ಕಲಿಯಬೇಕು.

ಮಾಸ್ತರರು ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಗಿರಾಕಿ ಬಂದ ದಿನವೇ ಬೆಲೆ ಹೇಳುವ ಪದ್ಧತಿ ಅವರಲ್ಲಿರಲಿಲ್ಲ. 'ನಾಳೆ ಬರ್ರಿ' ಎಂದು ಕಳಿಸಿಬಿಡುತ್ತಿದ್ದರು. ಅವಸರದವರು ಬೇರೆ ಕಡೆ ಹೋಗುತ್ತಿದ್ದರು. ನನಗೆ ಅದು ವ್ಯಾಪಾರ ಕೆಡಿಸಿಕೊಳ್ಳುವ ರೀತಿಯಾಗಿ ಕಾಣುತ್ತಿತ್ತು. ಒಮ್ಮೆ ಹಾಗೆಂದು ಹೇಳಿಯೂ ಬಿಟ್ಟೆ.

'ಇವತ್ತ ನೋಡಿದ್ದು ಇವತ್ತಿನ ಕಣ್ಣವಾ. ನಾಳೆ ಮುಂಜಾನೆ ಅದನ್ನ ಮತ್ತೊಮ್ಮೆ ನೋಡಬೇಕು' ಎಂದರು. ಎಷ್ಟೋ ಸಲ ಮರುದಿನ ನೋಡಿದಾಗ, ಅಂಟಿಸಿ ಮುಚ್ಚಿದ ಹರುಕು ಕಂಡದ್ದುಂಟು.

ರಾಮದುರ್ಗದಿಂದ ಬಂದ ಒಬ್ಬ ಸೀರೆ ವ್ಯಾಪಾರಿಯ ನೆನಪು ಬರುತ್ತದೆ. ಅವರ ಅಜ್ಜನ ಕಾಲದ ಟ್ರಂಕಿನಲ್ಲಿ ಬ್ರಿಟಿಷ್ ರಾಜನ ಮುಖವಿರುವ ನೋಟುಗಳು ಸಿಕ್ಕಿದ್ದವು. ಎಲ್ಲವೂ ಹೊಳೆಯುತ್ತಿದ್ದವು, ಕಾಗದ ಪಾಪಡದಂತೆ ಗರಿಗರಿ. ಮಾಸ್ತರರು ಒಂದನ್ನು ಮೂಗಿಗೆ ಹಿಡಿದು ನನ್ನ ಕಡೆ ಚಾಚಿದರು. ಸೋಪಿನ ವಾಸನೆ ಇತ್ತು.

'ಸಾವಕಾರ್ರ, ಇವನ್ನ ತೊಳದೀರೇನು?'

'ಹೌದ್ರಿ. ಭಾಳ ಹೊಲಸಾಗಿದ್ದೂ. ತೊಳದು, ತೆಳ್ಳಗ ಗಂಜಿ ಹಾಕಿ, ಇಸ್ತ್ರಿ ಹೊಡದೇನಿ. ಮಾರಾಕ ತರಾಕತ್ತೇನಂದ್ರ ಮಾಲು ಚಂದ ಕಾಣಬೇಕಲ್ರಿ.'

ಮಾಸ್ತರರು ತಮ್ಮ ಪೆಟ್ಟಿಗೆಯಿಂದ ಅದೇ ತರಹದ, ಕೊಳೆಯಾದ ನೋಟೊಂದನ್ನು ತೆಗೆದು ಪಕ್ಕಕ್ಕಿಟ್ಟರು. 'ಎರಡೂ ಮುಟ್ಟಿ ನೋಡ್ರಿ.'

ಅವರು ಬಟ್ಟೆಯ ವ್ಯಾಪಾರಿ, ಬೆರಳು ಸೂಕ್ಷ್ಮವಾಗಿತ್ತು. ಕೊಳೆಯಾದ ನೋಟಿನಲ್ಲಿ ಅಚ್ಚು ಇನ್ನೂ ಎದ್ದು ನಿಂತಿತ್ತು. ತೊಳೆದದ್ದರಲ್ಲಿ ಇಸ್ತ್ರಿಯ ಬಿಸಿಗೆ ಎಲ್ಲವೂ ನೆಲಸಮವಾಗಿತ್ತು. ಯಾರೂ ಏನೂ ವಿವರಿಸಬೇಕಾಗಲಿಲ್ಲ. ಅವರು ನೋಟುಗಳನ್ನು ಒಟ್ಟುಮಾಡಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ ಅಂಗಿಯ ಒಳಕಿಸೆಯಿಂದ ಇನ್ನೊಂದನ್ನು ತೆಗೆದರು. ಅದು ತೊಳೆಯದೆ ಉಳಿದಿತ್ತು.

'ಇದನ್ನಾರ ನೀವ ಇಟ್ಗೋರ್ರಿ ಮಾಸ್ತರ. ನನ್ನ ಕೈಯಾಗ ಇದ್ರ ಇದನ್ನೂ ತೊಳದೇನು.'

ಮಾಸ್ತರರು ಅದಕ್ಕೆ ಸರಿಯಾದ ಬೆಲೆ ಕೊಟ್ಟರು. ಆ ವ್ಯಾಪಾರಿ ಮುಂದೆ ಎಷ್ಟೋ ವರ್ಷ ರಾಮದುರ್ಗದ ಕಡೆಯಿಂದ ಜನರನ್ನು ನಮ್ಮಲ್ಲಿಗೆ ಕಳಿಸುತ್ತಿದ್ದರು. ಕಳಿಸುವಾಗ ಒಂದೇ ಮಾತು ಹೇಳಿ ಕಳಿಸುತ್ತಿದ್ದರಂತೆ, ಹೆಂಗ ಐತಿ ಹಂಗ ಒಯ್ಯಿರಿ ಅಂತ.

ಎಲ್ಲಮ್ಮನ ಗುಡ್ಡದ ಕಡೆಯಿಂದ ಬರುವ ನೋಟುಗಳಿಗೆ ಭಂಡಾರದ ಹಳದಿ ಹತ್ತಿರುತ್ತಿತ್ತು. ಅದನ್ನು ತೆಗೆಯಬೇಕೆಂದು ಹೊರಗಿನ ಗಿರಾಕಿಗಳು ಹಟ ಮಾಡುತ್ತಿದ್ದರು. ನಾವು ತೆಗೆಯುತ್ತಿರಲಿಲ್ಲ. ಅರಿಷಿಣ ಹೋಗುವ ಹೊತ್ತಿಗೆ ನೋಟಿನ ಮೂಲ ಬಣ್ಣವೂ ಹೋಗುತ್ತದೆ. ಮೆತ್ತನೆಯ ಕುಂಚದಿಂದ ಒಣ ಪುಡಿಯನ್ನು ಝಾಡಿಸಿ, ಬಣ್ಣ ಹತ್ತಿದೆ ಎಂದು ಹೇಳಿಯೇ ಮಾರುತ್ತಿದ್ದೆವು.

ಕಿತ್ತೂರಿನ ಒಬ್ಬರು ತಮ್ಮ ಒಳ್ಳೊಳ್ಳೆಯ ನೋಟುಗಳಿಗೆಲ್ಲ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ನೇತುಹಾಕಿದ್ದರು. ಬಂದ ಬೀಗರಿಗೆಲ್ಲ ತೋರಿಸುವ ಆಸೆ. ಆ ಗೋಡೆಗೆ ಬೆಳಗಿನ ಬಿಸಿಲು ನೇರ ಬೀಳುತ್ತಿತ್ತು. ಅವರು ಕರೆಸಿದಾಗ ನಾನು ಕಟ್ಟು ಬಿಚ್ಚಿ ನೋಡಿದೆ. ಚೌಕಟ್ಟಿನ ಅಂಚಿನಡಿ ಮುಚ್ಚಿಕೊಂಡಿದ್ದ ಸಣ್ಣ ಪಟ್ಟಿಯಲ್ಲಿ ಮಾತ್ರ ಮೊದಲಿನ ಬಣ್ಣ ಉಳಿದಿತ್ತು. ಅವರು ಆ ಪಟ್ಟಿಯನ್ನು ಬೆರಳಿನಿಂದ ಸವರುತ್ತ, 'ಇಷ್ಟ ಗಡದ ಇತ್ತೇನ್ರಿ ಬಣ್ಣ, ನನಗ ಮರತs ಹೋಗಿತ್ತು' ಎಂದರು. ದಿನಾ ನೋಡುವವರಿಗೆ ಮಾಸುವುದು ಕಾಣುವುದಿಲ್ಲ.

ಇನ್ನು ಮಾಸ್ತರರ ಆಲ್ಬಮ್ಮುಗಳ ಸಂಗತಿ. ಮುಂಬಯಿಯಿಂದ ತರಿಸಿದ ದಪ್ಪ ಆಲ್ಬಮ್ಮುಗಳು, ಒಳಗೆ ಮೃದುವಾದ ಪ್ಲಾಸ್ಟಿಕ್ ಕಿಸೆಗಳು. ತೆರೆದರೆ ಹೊಸ ರೇನ್‌ಕೋಟಿನ ವಾಸನೆ. ತಮ್ಮ ಸ್ವಂತ ಸಂಗ್ರಹವನ್ನೆಲ್ಲ ಅವರು ಅದರಲ್ಲಿಟ್ಟಿದ್ದರು. ಅದು ಮಾರುವುದಕ್ಕಲ್ಲ. ಪುಣೆಯ ವ್ಯಾಪಾರಿಯೊಬ್ಬರು ಬಂದಾಗ, ಆ ಜಾತಿಯ ಪ್ಲಾಸ್ಟಿಕ್ ಕಾಲಾಂತರದಲ್ಲಿ ಎಣ್ಣೆ ಬಿಡುತ್ತದೆ, ಶಾಯಿಯನ್ನು ಎಳೆದುಕೊಳ್ಳುತ್ತದೆ, ಈಗ ಎಲ್ಲರೂ ಪಾಲಿಯೆಸ್ಟರ್ ಹಾಳೆಗೆ ಬದಲಾಯಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಹೇಳಿದರು. ನಾನು ಮಾಸ್ತರರಿಗೆ ತಿಳಿಸಿದೆ.

'ಈ ಆಲ್ಬಮ್ ನೀ ಬರೂಕಿಂತ ಮೊದ್ಲ ತಂದದ್ದು. ಏನಾಗೇತಿ ಇದಕ್ಕ?'

ನಾನು ಮಾತು ಬೆಳೆಸಲಿಲ್ಲ. ಆ ಮಳೆಗಾಲದಲ್ಲಿ ಒಬ್ಬ ಗೆಳೆಯರಿಗೆ ತೋರಿಸಲೆಂದು ಮಾಸ್ತರರೇ ಒಂದು ಐದರ ನೋಟನ್ನು ಕಿಸೆಯಿಂದ ಎಳೆದರು. ಅದು ಸಲೀಸಾಗಿ ಬರಲಿಲ್ಲ. ಸಣ್ಣಗೆ ಅಂಟು ಬಿಡುವ ಸದ್ದಾಯಿತು. ನೋಟು ಕೈಗೆ ಬಂದಿತು, ರಾಜನ ಅರ್ಧ ಮುಖ ಪ್ಲಾಸ್ಟಿಕ್ಕಿನ ಮೇಲೇ ಉಳಿಯಿತು. ಮಾಸ್ತರರು ಹೆಬ್ಬೆರಳು ತೋರುಬೆರಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡರು. ಆಲ್ಬಮ್ ಮುಚ್ಚಿ, ಗೆಳೆಯರಿಗೆ ಚಹಾ ತರಿಸಿದರು.

ಮರುದಿನ ಎಲ್ಲ ಆಲ್ಬಮ್ಮುಗಳನ್ನೂ ಒಂದು ಧೋತರದಲ್ಲಿ ಗಂಟು ಕಟ್ಟಿಕೊಂಡು ಬಂದು ನನ್ನ ಮುಂದಿಟ್ಟರು. 'ಬಿಡಸೂಣು ನಡಿ. ನೀನs ಮಾಡು, ನನ್ನ ಕೈ ನಡಗತಾವು' ಎಂದರು.

ಬಿಡಿಸುತ್ತ ತಿಂಗಳುಗಳೇ ಹೋದವು. ಕತ್ತರಿಯಿಂದ ಕಿಸೆಯ ಮೂರು ಬದಿ ಕೊಯ್ದು, ಪ್ಲಾಸ್ಟಿಕ್ಕನ್ನೇ ನೋಟಿನಿಂದ ಎತ್ತಬೇಕು, ನೋಟನ್ನು ಎಳೆಯಬಾರದು. ಬಹಳಷ್ಟು ಉಳಿದವು, ಕೆಲವು ಉಳಿಯಲಿಲ್ಲ. ರಾಜನ ಅರ್ಧ ಮುಖ ಹತ್ತಿದ್ದ ಆ ಪ್ಲಾಸ್ಟಿಕ್ ತುಣುಕನ್ನು ಮಾಸ್ತರರು ಎಸೆಯಗೊಡಲಿಲ್ಲ. ಗಲ್ಲಾದ ಮೇಲೆ ಗಾಜಿನಡಿ ಇಟ್ಟರು. ಯಾರಾದರೂ ಆಲ್ಬಮ್ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ, 'ಇದನ್ನ ನೋಡ್ರಿ ಮೊದ್ಲ, ಇದು ನಾ ಮಾಡಿದ್ದು' ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಂಗಡಿ ನನ್ನ ಕೈಗೆ ಬಂತು. ಅವರ ಮನೆಯವರು ಸಂಗ್ರಹವನ್ನು ಒಂದು ಸಂಸ್ಥೆಗೆ ಕೊಟ್ಟರು. ನಾನೇ ಕಟ್ಟಿ ಕಳಿಸಿದೆ.

ಇಟ್ಟುಕೊಳ್ಳುವ ವಿಷಯದಲ್ಲಿ ನನಗೆ ಗೊತ್ತಿರುವುದು ಇಷ್ಟೇ: ಕತ್ತಲು, ಒಣ ಗಾಳಿ, ಮಡಿಸದೆ ಚಪ್ಪಟೆಯಾಗಿ ಇಡುವುದು. ನುಸಿ ಹಿಡಿಯದಂತೆ ಇಡುವ ಡಾಂಬರ ಗುಳಿಗೆಯನ್ನು ಕಾಗದಕ್ಕೆ ತಾಗಿಸಿ ಇಡಬೇಡಿ. ಪಿನ್ನು, ರಬ್ಬರು, ಅಂಟು ಟೇಪು ಯಾವುದೂ ಬೇಡ. ಲ್ಯಾಮಿನೇಶನ್ ಮಾಡಿಸಿಕೊಂಡು ಬಂದವರಿಗೆ ಹೇಳಲು ನನ್ನಲ್ಲಿ ಏನೂ ಇರುತ್ತಿರಲಿಲ್ಲ. ಈಗ ನೋಟನ್ನು ದೂರದ ಕಂಪನಿಗೆ ಕಳಿಸಿ, ದರ್ಜೆಯ ಅಂಕಿ ಹಾಕಿಸಿ, ಗಟ್ಟಿ ಕವಚದಲ್ಲಿ ಮುದ್ರೆ ಮಾಡಿಸುತ್ತಾರೆ. ಕಾಗದಕ್ಕೆ ಅದು ಒಳ್ಳೆಯದೇ. ಆದರೆ ಬೆರಳಿಗೆ ಏನೂ ಸಿಗುವುದಿಲ್ಲ.

ಫೋನು ಎಲ್ಲರ ಕೈಗೆ ಬಂದ ಮೇಲೆ ಅಂಗಡಿಗೆ ಬರುವ ಜನರೂ ಬದಲಾದರು. ಟ್ರ್ಯಾಕ್ಟರ್ ಚಿತ್ರವಿರುವ ಐದು ರೂಪಾಯಿಯ ನೋಟಿಗೆ ಲಕ್ಷಗಟ್ಟಲೆ ಸಿಗುತ್ತದೆ ಎಂಬ ವಿಡಿಯೋಗಳು ಹಬ್ಬಿದವು. ಸವದತ್ತಿಯಿಂದ ಲಕ್ಕವ್ವ ಎಂಬ ಹೆಣ್ಣುಮಗಳು ಬಂದಳು. ಗುಡ್ಡದ ದಾರಿಯಲ್ಲಿ ಕಾಯಿ ಕರ್ಪೂರ ಮಾರುವವಳು. ಆ ನೋಟು ಅವಳಲ್ಲಿತ್ತು. ಫೋನಿನಲ್ಲಿ ಯಾರೋ ಅದನ್ನು ಕೊಳ್ಳುವುದಾಗಿ ಹೇಳಿ, ಮೊದಲು ನೋಂದಣಿ ಶುಲ್ಕ ಕಳಿಸಬೇಕೆಂದಿದ್ದರು. ಕಿವಿಯ ಬೆಂಡೋಲೆ ಒತ್ತೆಯಿಡಲು ಬೈಲಹೊಂಗಲಕ್ಕೆ ಬಂದವಳು, ನೋಟು ಖರೇದೋ ಅಲ್ಲವೋ ಎಂದು ಒಮ್ಮೆ ಕೇಳಿಕೊಂಡು ಹೋಗಲು ನನ್ನಲ್ಲಿಗೆ ಬಂದಿದ್ದಳು.

'ನೋಟು ಖರೇದ ಐತಿ ತಂಗಿ. ಆದ್ರ ಅವರು ಕಳ್ಳರು. ಇಂಥಾ ನೋಟು ಬೇಕಾದಷ್ಟ ಅದಾವು.'

ಅವಳ ಮುಖ ಬಿಗಿಯಾಯಿತು. 'ಗೊತ್ತೈತ್ರಿ ಅಕ್ಕಾರ. ಹಿಂಗ ಹೆದರಿಸಿ ನೀವ ಕಡಿಮಿಗೆ ಹೊಡಕೋಬೇಕಂತ ಮಾಡೀರಿ.'

ನಾನು ಒಳಗಿಂದ ಡಬ್ಬಿ ತಂದು ಅವಳ ಮುಂದೆ ಸುರಿದೆ. ಎಲ್ಲವೂ ಅದೇ ಟ್ರ್ಯಾಕ್ಟರ್ ನೋಟುಗಳು. 'ಇವನ್ನೂ ಅವರಿಗೆ ಮಾರಿಸಿಕೊಡು. ಬಂದದ್ರಾಗ ಅರ್ಧ ನಿನಗ. ಶುಲ್ಕ ಎಷ್ಟಾಗಲಿ, ಬರೂ ರೊಕ್ಕದಾಗ ಹಿಡಕೋ ಅಂತ ಹೇಳು. ಈಗs ಫೋನ್ ಹಚ್ಚು.'

ಲಕ್ಕವ್ವ ನೋಟುಗಳನ್ನೂ ನನ್ನನ್ನೂ ನೋಡಿದಳು. ಫೋನು ಹಚ್ಚಿದಳು. ಅತ್ತಲಿನವನು ಪ್ರತಿ ನೋಟಿಗೂ ಬೇರೆ ಬೇರೆ ಶುಲ್ಕ ಮೊದಲೇ ಕಳಿಸಬೇಕೆಂದ. 'ಲಕ್ಷ ಕೊಡಾಂವಾ, ನಿನ್ನ ಶುಲ್ಕ ಅದರಾಗ ಮುರಕೊಳ್ಳಾಕ ಏನ ರೋಗ ನಿನಗ?' ಎಂದಳು. ಅವನು ಏನೋ ಹೇಳಲು ಹೋದ. ಆಮೇಲೆ ಅವಳು ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯಲಾರೆ, ಆದರೆ ಎದುರಿನ ಅಂಗಡಿಯವರೂ ಹೊರಗೆ ಬಂದು ನಿಂತು ಕೇಳಿದರು. ಫೋನಿಟ್ಟು, ಬೆಂಡೋಲೆ ಮುಟ್ಟಿ ನೋಡಿಕೊಂಡು, 'ಒಂದ ವಾಟಗಾ ನೀರ ಕೊಡ್ರಿ ಅಕ್ಕಾರ' ಎಂದು ಕೂತಳು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಅಂಗಡಿ ಮುಚ್ಚುವುದಕ್ಕೆ ಸ್ವಲ್ಪ ಮೊದಲಿನದು.

ಸಂಪಗಾಂವದಿಂದ ಗಂಗವ್ವ ಎಂಬ ಮುದುಕಿ ಮಗನನ್ನು ಕರೆದುಕೊಂಡು ಬಂದರು. ಎಂಬತ್ತು ದಾಟಿದ್ದರೂ ನಡಿಗೆ ನೆಟ್ಟಗಿತ್ತು. ಮಗ ಬಸವರಾಜ, ಹೊಲ ಮನೆ ನೋಡಿಕೊಂಡಿದ್ದವರು. ಗಂಗವ್ವ ಸೆರಗಿನ ಗಂಟು ಬಿಚ್ಚಿ, ಹೆಬ್ಬೆರಳಿನ ಗಾತ್ರದ, ಖಣದ ಬಟ್ಟೆಯಲ್ಲಿ ಹೊಲಿದ ಪುಟ್ಟ ಗಂಟೊಂದನ್ನು ಗಲ್ಲಾದ ಮೇಲಿಟ್ಟರು. ಬಟ್ಟೆ ಜೀರ್ಣವಾಗಿ ಒಂದು ಕಡೆ ಬಾಯಿ ಬಿಟ್ಟಿತ್ತು. ಒಳಗೆ ಮಡಿಸಿ ಮಡಿಸಿ ಗಟ್ಟಿಯಾದ ಕಾಗದ.

'ನಮ್ಮಪ್ಪ ಮಿಲಿಟ್ರಿಯಿಂದ ತಂದ ನೋಟಿದು ಯವ್ವಾ. ನಮ್ಮವ್ವ ಹೊಲದು ಇಟ್ಟಿದ್ಲು. ಇದನ್ನ ಯಾರೂ ಬಿಚ್ಚಿಲ್ಲ.'

'ಯಾಕ ಬಿಚ್ಚಿಲ್ರಿ ಆಯಿ?'

ಅವರು ಮಗನ ಕಡೆ ನೋಡಿದರು. ಮಗ, 'ಹೇಳಬೇ, ಅದರಾಗೇನೈತಿ' ಎಂದರು. ಗಂಗವ್ವ ಹೇಳತೊಡಗಿದರು.

ಅವರ ಅಪ್ಪ ದೊಡ್ಡ ಯುದ್ಧಕ್ಕೆ ಹೋಗಿ ತಿರುಗಿ ಬಂದವರು. ಬಂದಾಗ ಟ್ರಂಕಿನಲ್ಲಿ ರಾಜನ ಮುಖವಿದ್ದ ಹತ್ತು ರೂಪಾಯಿಯ ಒಂದು ನೋಟಿತ್ತು. ಅದನ್ನು ಖರ್ಚು ಮಾಡಲಿಲ್ಲ. ಆಮೇಲೆ ಮನೆಯಲ್ಲಿ ಗಂಡು ಮಗು ಹುಟ್ಟಿತು, ಗಂಗವ್ವನ ತಮ್ಮ. ಆ ಮಗುವಿಗೆ ಜ್ವರ ಬಂದು ಇಳಿಯಲಿಲ್ಲ. ಬೆಳಗಾವಿಯ ಡಾಕ್ಟರರ ಬಳಿಗೆ ಒಯ್ಯಬೇಕು, ಕೈಯಲ್ಲಿ ಕಾಸಿಲ್ಲ. ಅವ್ವ ಆ ನೋಟು ಮುರಿಸಿಕೊಂಡು ಬಾ ಎಂದಳು. ಅಪ್ಪ, ಅದು ಇಲ್ಲಿ ನಡೆಯುವುದಿಲ್ಲ ಎಂದರು.

'ಅವ್ವ ಕಾಲ ಹಿಡಕೊಂಡ್ಲು ಯವ್ವಾ. ನಾ ಅಲ್ಲೇ ಕುಂತಿದ್ದೆ, ನೋಡೇನಿ. ರಾಜನ ಮಕಾ ಇರೂ ನೋಟು ಯಾಕ ನಡಿಯೂದಿಲ್ಲ ಅಂತ ಕೇಳಿದ್ಲು. ಮಂದಿ ಕೈಯಾಗೆಲ್ಲಾ ಅಂಥಾದs ಇರತಿದ್ವು. ಅಪ್ಪ ಅದನ್ನ ತಗೊಂಡು ಬೈಲಹೊಂಗಲಕ್ಕ ಬಂದ, ಸಂಜಿಕ ತಿರಗಿ ತಂದ. ಸಾವಕಾರ ಒಲ್ಲೆ ಅಂದ ಅಂದ. ಅವ್ವ ನಂಬಲಿಲ್ಲ. ಹುಡುಗ ಉಳೀಲಿಲ್ಲ.'

ಮಗು ತೀರಿದ ಮೇಲೆ ಅವ್ವ ಆ ನೋಟನ್ನು ಗಂಡನ ಕಣ್ಣೆದುರೇ ತನ್ನ ಕುಪ್ಪಸದ ತುಣುಕಿನಲ್ಲಿ ಹೊಲಿದು ಜಗಲಿಯ ಮೇಲೆ ದೇವರ ಹಿಂದೆ ಇಟ್ಟಳಂತೆ. ಅದನ್ನು ಯಾರೂ ಮುಟ್ಟಬಾರದೆಂದಳು. ಆಮೇಲೆ ಗಂಡನ ಜೊತೆ ಕೆಲಸದ ಮಾತಷ್ಟೇ. ಅಪ್ಪ ಎರಡನೇ ಸಲ ಆ ವಿಷಯ ಎತ್ತಲಿಲ್ಲ. ಮಿಲಿಟರಿಯವರು ಕುಡಿದು ಮಾತಾಡುತ್ತಾರೆ ಎನ್ನುತ್ತಾರಲ್ಲ, ಇವರು ಕುಡಿಯುತ್ತಲೂ ಇರಲಿಲ್ಲ, ಮಾತಾಡುತ್ತಲೂ ಇರಲಿಲ್ಲವಂತೆ. ಇಬ್ಬರೂ ಹಾಗೆಯೇ ಮುಪ್ಪಾಗಿ, ಹಾಗೆಯೇ ಹೋದರು.

'ನಾನೂ ಅಪ್ಪನ ಜೋಡಿ ಸರಿಯಾಗಿ ಮಾತಾಡಲಿಲ್ಲ' ಎಂದರು ಗಂಗವ್ವ. 'ರೊಕ್ಕದ ಆಸೇಕ ಹಡದ ಮಗನ್ನ ಕೊಂದ ಅಂತ ಅವ್ವ ಅಂತಿದ್ಲು. ನಾನೂ ಹಂಗs ತಿಳಕೊಂಡಿದ್ದೆ. ಈಗ ಬಟ್ಟಿ ಹರದು ನೋಟು ಹೊರಗ ಬಂತು. ಏನೈತಿ ಅದರಾಗ ಅನ್ನೂದು ನೋಡೇ ಸಾಯೋಣು ಅನಸ್ತು.'

ಬಸವರಾಜ ಮೆಲ್ಲಗೆ, 'ಮಾರಿದ್ರ ಏನಾರ ಬರತೈತೇನ್ರಿ ಅಕ್ಕಾರ?' ಎಂದರು. ದುರಾಸೆಯ ಮನುಷ್ಯರಲ್ಲ, ತಿಳಿದುಕೊಳ್ಳಲು ಕೇಳಿದ್ದರು.

'ಮೊದ್ಲ ಬಿಚ್ಚೂಣ್ರಿ. ಇವತ್ತ ಆಗೂದಿಲ್ಲ. ನಾಳೆ ಬರ್ರಿ' ಎಂದೆ.

ಅಷ್ಟು ಕಾಲ ಒತ್ತಿ ಮಡಿಸಿಟ್ಟ ಕಾಗದವನ್ನು ಒಣಗಿದ್ದಾಗ ಬಿಚ್ಚಿದರೆ ಮಡಿಕೆ ಇದ್ದಲ್ಲೆಲ್ಲ ಮುರಿಯುತ್ತದೆ. ಬ್ಲಾಟಿಂಗ್ ಪೇಪರನ್ನು ತೋಯಿಸಿ ಡಬ್ಬಿಯ ತಳಕ್ಕೆ ಹಾಕಿ, ಅದರ ಮೇಲೆ ಜಾಲರಿಯಿಟ್ಟು, ನೀರು ತಾಗದಂತೆ ನೋಟನ್ನು ಅದರ ಮೇಲಿಟ್ಟು ಮುಚ್ಚಿದೆ. ಕಾಗದ ಗಾಳಿಯೊಳಗಿನ ತೇವವನ್ನಷ್ಟೇ ಕುಡಿದು ಮೆತ್ತಗಾಗಬೇಕು.

ಮರುದಿನ ಅವರಿಬ್ಬರ ಎದುರಿಗೇ ಬಿಚ್ಚಲು ಕೂತೆ. ಬಿದಿರಿನ ತೆಳು ಚಕ್ಕೆಯನ್ನು ಪದರದೊಳಗೆ ತೂರಿಸಿ, ಒಂದೊಂದೇ ಮಡಿಕೆ ಎತ್ತಿ, ತೇವ ಆರುವವರೆಗೆ ಕಾಯಬೇಕು. ಮೊದಲು ಹಿಂಭಾಗ ಕಾಣಿಸಿತು. ಆಮೇಲೆ ನೇರಳೆ ಬಣ್ಣದ ಅಂಚು. ಆಮೇಲೆ ರಾಜನ ಕಿವಿ, ಕೆನ್ನೆ. ಗಂಗವ್ವ ಕುರ್ಚಿ ಬಿಟ್ಟು ಎದ್ದು ಗಲ್ಲಾದ ಮೇಲೆ ಬಾಗಿ ನಿಂತಿದ್ದರು. ಕೊನೆಯ ದೊಡ್ಡ ಮಡಿಕೆ ಬಿಚ್ಚಿದಾಗ ಮುಂಭಾಗದಲ್ಲಿ ಅಚ್ಚಾಗಿದ್ದ ಕೆಂಪು ಇಂಗ್ಲಿಷ್ ಅಕ್ಷರಗಳು ಕಂಡವು.

ನಾನು ಅಂಥವನ್ನು ಮೊದಲೂ ನೋಡಿದ್ದೆ. ಅವುಗಳಲ್ಲಿ ನಕಲಿಯೂ ಬರುತ್ತವೆ. ಸಾದಾ ಹಳೆಯ ನೋಟಿನ ಮೇಲೆ ಈಚೆಗೆ ಕೆಂಪು ಅಕ್ಷರ ಒತ್ತಿ ದುಬಾರಿಗೆ ಮಾರುತ್ತಾರೆ. ಅದಕ್ಕೆ ಬಾಯಿ ತೆರೆಯುವ ಮೊದಲು ಭೂತಗನ್ನಡಿ ಹಿಡಿದೆ. ಬಳಸಿ ಮಡಿಕೆ ಬಿದ್ದ ನೋಟಿನ ಮೇಲೆ ಆಮೇಲೆ ಅಚ್ಚು ಒತ್ತಿದರೆ, ಶಾಯಿ ಮಡಿಕೆಯ ಬಿರುಕಿನೊಳಗೆ ಇಳಿದು ಹರಡಿರುತ್ತದೆ. ನೋಟು ಹೊಸದಿದ್ದಾಗಲೇ ಒತ್ತಿದ್ದರೆ, ಮಡಿಕೆ ಬಿದ್ದಾಗ ಕಾಗದದ ಜೊತೆ ಶಾಯಿಯೂ ಮುರಿದು, ಬಿರುಕಿನಲ್ಲಿ ಬಿಳಿ ಎಳೆ ಕಾಣುತ್ತದೆ. ನಾನು ಒಂದೊಂದೇ ಮಡಿಕೆಯ ಮೇಲೆ ಗಾಜು ಸರಿಸಿದೆ. ಕೆಂಪು ಅಕ್ಷರ ದಾಟುವ ಪ್ರತಿ ಮಡಿಕೆಯಲ್ಲೂ ಶಾಯಿ ಮುರಿದಿತ್ತು, ನಡುವೆ ಬಿಳಿ ಎಳೆ ಇತ್ತು.

'ಆಯಿ, ಕುಂದರ್ರಿ' ಎಂದೆ. ಅವರು ಕೂರಲಿಲ್ಲ.

'ಇದು ಖರೇ ನೋಟು. ಈ ಕೆಂಪು ಅಕ್ಷರ ಸರ್ಕಾರದವರs ಹಾಕಿದ್ದು. ದೊಡ್ಡ ಯುದ್ಧದ ಕಾಲಕ್ಕ ಬರ್ಮಾ ದೇಶದಾಗ ಬ್ರಿಟಿಷರ ಮಿಲಿಟ್ರಿ ಆಡಳಿತ ಇದ್ದಾಗ ಅಲ್ಲಿ ಬಳಸಾಕ ಒತ್ತಿದ್ದು. ಇಲ್ಲಿ ಏನ ಬರದೈತಿ ಅಂದ್ರ, ಈ ನೋಟು ಬರ್ಮಾದಾಗ ಮಾತ್ರ ನಡಿತೈತಿ.'

'ಮತ್ತೊಮ್ಮೆ ಹೇಳ್ರಿ.'

'ಬರ್ಮಾದಾಗ ಮಾತ್ರ ನಡಿತೈತಿ. ನಮ್ಮ ಕಡೆ ನಡಿಯೂದಿಲ್ಲ. ದೊಡ್ಡ ಊರಿನ ಬ್ಯಾಂಕಿನ್ಯಾಗ ಬದಲಿ ಮಾಡಿ ಕೊಡತಿದ್ರೋ ಏನೋ ನನಗ ಗೊತ್ತಿಲ್ಲ. ಹೊಂಗಲದಾಗಿನ ಸಾವಕಾರ ಒಲ್ಲೆ ಅಂದಿದ್ದು ಖರೇನ ಇರತೈತಿ. ಯಾರೂ ತಗೋತಿದ್ದಿಲ್ಲ.'

ಗಂಗವ್ವ ನೋಟನ್ನು ನೋಡುತ್ತ ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬಿಚ್ಚುತ್ತ ಇದ್ದರು.

'ಅಪ್ಪ ಸುಳ್ಳ ಹೇಳಿದ್ದಿಲ್ಲ ಅಂದಂಗಾತು' ಎಂದರು. ಆಮೇಲೆ, 'ಹೊಂಗಲಕ್ಕ ನಡಕೋತ ಬಂದು ನಡಕೋತ ಹೋಗಿದ್ದ ಅಂವಾ. ಬಂದು ಕಟ್ಟಿಮ್ಯಾಲೆ ಕುಂತಿದ್ದ. ನಾ ನೀರs ಕೊಡಲಿಲ್ಲ' ಎಂದರು.

ಬಸವರಾಜ ತಾಯಿಯ ಬೆನ್ನ ಮೇಲೆ ಕೈಯಿಟ್ಟರು. ನಾನು ಬೆಲೆಯ ಮಾತು ಹೇಳಬೇಕಿತ್ತು, ಅದು ನನ್ನ ಕೆಲಸ. ಮಡಿಕೆಗಳಿಂದ ಬೆಲೆ ತಗ್ಗಿದ್ದರೂ ಒಳ್ಳೆಯ ಹಣ ಬರುತ್ತದೆ, ಕೊಳ್ಳುವವರು ನನಗೆ ಗೊತ್ತು ಎಂದೆ. ಬಸವರಾಜ ತಲೆ ಅಲ್ಲಾಡಿಸಿ, 'ಇರಲಿ ಬಿಡ್ರಿ ಅಕ್ಕಾರ' ಎಂದರು.

ನಾನು ನೋಟನ್ನು ಒಣ ಬ್ಲಾಟಿಂಗ್ ಪೇಪರುಗಳ ನಡುವೆ ಇಟ್ಟು ತೂಕ ಹೇರಿ ಚಪ್ಪಟೆ ಮಾಡಿದೆ. ಕೆಲವು ದಿನ ಬಿಟ್ಟು ಅವರು ಮತ್ತೆ ಬಂದಾಗ ಅದನ್ನು ಪಾಲಿಯೆಸ್ಟರ್ ಹಾಳೆಯೊಳಗೆ ಹಾಕಿ ಕೊಟ್ಟೆ. ಬಿಸಿಲಿಗೆ ಇಡಬಾರದು, ದೀಪದ ಹೊಗೆಗೆ ಇಡಬಾರದು ಎಂದು ಹೇಳಿದೆ. ಗಂಗವ್ವ ಎಲ್ಲ ಕೇಳಿಸಿಕೊಂಡು, 'ಒಂದ ಕೆಲಸ ಮಾಡ್ರಿ ಯವ್ವಾ' ಎಂದರು.

'ಹೇಳ್ರಿ ಆಯಿ.'

'ಆ ಕೆಂಪು ಅಕ್ಷರದಾಗ ಏನೈತಿ, ಅದನ್ನ ಕನ್ನಡದಾಗ ದೊಡ್ಡ ಅಕ್ಷರದಾಗ ಬರದ ಕೊಡ್ರಿ. ನಾ ಎರಡನೇತ್ತಾ ಮಟಾ ಸಾಲಿ ಕಲ್ತೇನಿ, ಕೂಡಿಸಿ ಓದತೇನಿ. ಅವ್ವನ ಫೋಟೋ ಐತಿ ಮನ್ಯಾಗ. ಆಕಿ ಮುಂದ ನಿಂತ ಓದಿ ಹೇಳಬೇಕು.'

ನಾನು ಒಂದು ಬಿಳಿ ಹಾಳೆಯ ಮೇಲೆ ದಪ್ಪಗೆ ಬರೆದೆ. ಗಂಗವ್ವ ಕನ್ನಡಕ ಹಾಕಿಕೊಂಡು, ತಪ್ಪಬಾರದೆಂದು ಅಲ್ಲೇ ಗಲ್ಲಾದ ಮುಂದೆ ನಿಂತು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿ ನೋಡಿಕೊಂಡರು.

'ಬ-ರ್ಮಾ-ದಾ-ಗ ಮಾ-ತ್ರ ನ-ಡಿ-ತೈ-ತಿ.'

ಸರಿಯಾಗಿದೆಯೇ ಎಂದು ನನ್ನ ಮುಖ ನೋಡಿದರು. ಸರಿಯಾಗಿದೆ ಎಂದೆ. ಹಾಳೆಯನ್ನು ಮಡಿಸದೆ, ಎರಡೂ ಕೈಯಲ್ಲಿ ಚಪ್ಪಟೆಯಾಗಿ ಹಿಡಿದುಕೊಂಡು, ಮಗನ ಹಿಂದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು.